ಅಮ್ಮ ಕೇಳಿದ ಒಂದು ವಾಕ್ಯ

ಸೆಪ್ಟೆಂಬರ್ 2, ಮಂಗಳವಾರ

ಅಮ್ಮ ಏನೋ ಮಸಲತ್ತು ನಡೆಸಿದ್ದಾಳೆ.

ಬೆಳಗ್ಗೆ ಕಾಲೇಜಿಗೆ ಹೊರಟು ಶೂ ಲೇಸು ಕಟ್ಟುತ್ತಿದ್ದೆ. ಇಸ್ತ್ರಿಯಾದ ಶರ್ಟು ಮೈಮೇಲೆ, ಊಟದ ಡಬ್ಬಿ ಚೀಲದಲ್ಲಿ, ಕರ್ಚೀಫು ಜೇಬಿನಲ್ಲಿ. ಇವೆಲ್ಲ ನಮ್ಮ ಮನೆಯಲ್ಲಿ ತಂತಾವೇ ಬಂದು ಸೇರಿಕೊಳ್ಳುತ್ತವೆ. ಅಮ್ಮ ಬಾಗಿಲಿಗೆ ಒರಗಿ ನಿಂತು ಕೇಳಿದಳು:

"ಏನೋ ಪ್ರೊಫೆಸರೇ, 'ನನ್ನ ಬದುಕು ನಾನೇ ನೋಡ್ಕೋತೀನಿ, ಯಾರ ಮೇಲೂ ಬಿದ್ದಿಲ್ಲ' ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳ್ತಾರೆ?"

"ಯಾರು ಹೇಳ್ತಾರೆ?"

"ಯಾರೋ ಹೇಳ್ತಾರಪ್ಪ."

"ಯಾರಿಗೆ ಹೇಳ್ತಾರೆ?"

"ಕಾಲೇಜಲ್ಲೂ ಹೀಗೇನಾ ನಿನ್ನ ಪಾಠ? ಮಕ್ಕಳು ಒಂದು ಕೇಳಿದ್ರೆ ನೀನು ಎರಡು ಕೇಳೋದು?"

"ಐ ಆಮ್ ಫೈನಾನ್ಷಿಯಲಿ ಇಂಡಿಪೆಂಡೆಂಟ್" ಎಂದು ಹೇಳಿಕೊಟ್ಟೆ. ಅಮ್ಮ ಎರಡು ಸಲ ಬಾಯಲ್ಲಿ ಹೊರಳಿಸಿ ಮುಖ ಕಿವುಚಿದಳು. "ಬ್ಯಾಂಕಿನವರು ಫೋನ್ ಮಾಡಿದ ಹಾಗಿದೆ. ನನಗೆ ಬಾಯಲ್ಲಿ ಆಡೋ ಮಾತು ಬೇಕು. ಪುಸ್ತಕದ ವಾಸನೆ ಹೊಡೀಬಾರದು."

'ನನಗೆ ಬೇಕು' ಅಂದಳು. ಗಮನಿಸಿಕೊಂಡೆ. ಅರ್ಧ ನಿಮಿಷದ ಹಿಂದೆ ಅದು ಯಾರಿಗೋ ಬೇಕಾಗಿತ್ತು.

ಇಷ್ಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡುವ ಮಗ ಮನೆಯಲ್ಲೇ ಬಿದ್ದಿದ್ದಾನೆ, ಒಂದು ದಿನ ಒಂದು ಶಬ್ದ ಕೇಳಿದವಳಲ್ಲ. ಹೊಸ ಭಾಷೆ ಕಲಿಯುವವರು ಮೊದಲು 'ನೀರು ಎಲ್ಲಿದೆ' ಅಂತ ಕೇಳುತ್ತಾರೆ, 'ಬಸ್ಸು ಎಷ್ಟೊತ್ತಿಗೆ' ಅಂತ ಕೇಳುತ್ತಾರೆ. ಅರವತ್ತಾರನೇ ವಯಸ್ಸಿನಲ್ಲಿ ನೇರವಾಗಿ 'ಯಾರ ಮೇಲೂ ಬಿದ್ದಿಲ್ಲ' ಎಂಬಲ್ಲಿಂದ ಶುರು ಮಾಡುವವರು ಯಾರು? ಇದು ಕೋರ್ಟಿನಲ್ಲಿ ಹೇಳುವ ಮಾತು. ಇಲ್ಲವೇ ಪೆಟ್ಟಿಗೆ ಕಟ್ಟಿಟ್ಟು ಹೊಸ್ತಿಲಲ್ಲಿ ನಿಂತು ಹೇಳುವ ಮಾತು.

ಅಲ್ಲ, ಅಮ್ಮನನ್ನು ನೋಡಿಕೊಳ್ಳುತ್ತಿರುವವನು ನಾನು. ಅಪ್ಪ ಹೋದಮೇಲೆ ಈ ಫ್ಲಾಟಿಗೆ ಕರೆತಂದು ಇಟ್ಟುಕೊಂಡಿದ್ದೇನೆ. ಊರಿಗೆಲ್ಲ ಗೊತ್ತು; ನಾನೇ ಹೇಳಿದ್ದೇನೆ.

ಸೆಪ್ಟೆಂಬರ್ 4, ಗುರುವಾರ

ಅಮ್ಮನ ಸ್ವೆಟರಿನ ತೋಳಿನ ಮೇಲೆ ಒಂದು ಕೂದಲು. ಕಪ್ಪಗೆ, ನೆಟ್ಟಗೆ, ನನ್ನ ಮೊಳಕೈ ಉದ್ದ.

ಈ ಮನೆಯಲ್ಲಿ ಕಪ್ಪು ಕೂದಲು ಇಲ್ಲ. ಅಮ್ಮನದು ಬೆಳ್ಳಗಾಗಿದೆ. ನನ್ನದು ಸ್ವಯಂನಿವೃತ್ತಿ ತೆಗೆದುಕೊಂಡಿದೆ.

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ಇನ್ನೊಂದು. ಕಂದು ಬಣ್ಣ, ಗುಂಗುರು.

ಗಂಡನ ಕೋಟಿನ ಮೇಲೆ ಕೂದಲು ಸಿಕ್ಕಿ ಹೆಂಡತಿ ರಂಪ ಮಾಡುವುದನ್ನು ಸಿನಿಮಾದಲ್ಲಿ ನೋಡಿದ್ದೇನೆ. ತಾಯಿಯ ಸ್ವೆಟರಿನ ಮೇಲೆ ದಿನಕ್ಕೊಂದು ಬಣ್ಣದ ಕೂದಲು ಸಿಕ್ಕರೆ ಮಗ ಏನು ಮಾಡಬೇಕು ಎಂದು ಯಾವ ಸಿನಿಮಾದವರೂ ತೋರಿಸಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಬೇರೆ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ; ಗಿರಾಕಿಗಳ ನಡುವೆಯೇ ಮಾತಾಡುತ್ತಾಳೆ.

"ಕೂದಲು ಸಿಕ್ತಾ? ನಿನಗ್ಯಾಕೋ ಹೊಟ್ಟೆಕಿಚ್ಚು?"

"ಅಕ್ಕಾ, ತಮಾಷೆ ಅಲ್ಲ. ಮಧ್ಯಾಹ್ನ ಮನೆ ಫೋನು ಎತ್ತಲ್ಲ. ಕೇಳಿದ್ರೆ 'ಕಣ್ಣು ಮುಚ್ಚಿತ್ತು' ಅಂತಾಳೆ. ಮಲಗಿದ್ದವಳ ಚಪ್ಪಲಿಗೆ ಹಸಿ ಕೆಸರು ಹೇಗೆ ಬಂತು?"

"ತಮ್ಮಾ, ನೀನು ಮದುವೆಯಾಗಿದ್ದಾಗ ಇಷ್ಟು ಗಮನ ಕೊಟ್ಟಿದ್ರೆ ಆ ಹುಡುಗಿ ಇರ್ತಿದ್ಳು" ಅಂದು ಯಾರಿಗೋ ಕೆಮ್ಮಿನ ಔಷಧಿ ಕೊಡಲು ಹೋದಳು.

ನನ್ನ ಮದುವೆ ಎರಡು ವರ್ಷದ ಕೋರ್ಸು. ಪರೀಕ್ಷೆ ಬರೆಯದೆ ಹೊರಬಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಮಾತು ತೇಲಿಸಿದಳು. ಇವಳಿಗೂ ಏನೋ ಗೊತ್ತಿದೆ.

ಸೆಪ್ಟೆಂಬರ್ 9, ಮಂಗಳವಾರ

ಚೀಲದಲ್ಲಿ ಡಬ್ಬಿ ಇರಲಿಲ್ಲ. "ಬ್ರೆಡ್ ಇದೆ, ಮೊಟ್ಟೆ ಇದೆ" ಅಂದಳು, ಕಳ್ಳಸಾಗಣೆಯವರು ಗುಪ್ತಸಂಕೇತ ಹೇಳಿದ ಹಾಗೆ. ಮೊಟ್ಟೆ ಬೇಯಿಸಿಕೊಂಡೆ. ಎಷ್ಟು ಹೊತ್ತು ಅಂತ ಗೊತ್ತಾಗದೆ ಕ್ರಿಕೆಟ್ ಚೆಂಡಿನ ಹದಕ್ಕೆ ಬಂತು.

ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದೇ ವಿಷಯ.

"ಸೆಲ್ಫ್ ಡಿಪೆಂಡೆಂಟ್ ಅನ್ನಬಹುದಂತೆ. ಕೆಳಗಿನ ಮನೆ ಗಾರ್ಡು ಹೇಳಿದ್ರು."

ನನ್ನ ಕಿವಿ ನೆಟ್ಟಗಾಯಿತು. ಕೆಳಮನೆಯವರು ರಿಟೈರಾದ ರೈಲ್ವೆ ಗಾರ್ಡು, ಹೆಂಡತಿ ತೀರಿಕೊಂಡು ಒಂದು ವರ್ಷವಾಗಿಲ್ಲ. ಅವರ ಹತ್ತಿರ ಯಾಕೆ ಹೋದಳು?

"ಹಾಗೆ ಇಂಗ್ಲಿಷಿನವರು ಯಾರೂ ಅನ್ನಲ್ಲ. ನಿವೃತ್ತರಾದ್ರೂ ರೈಲು ಬಿಡೋ ಅಭ್ಯಾಸ ಹೋಗಿಲ್ಲ ಅವರಿಗೆ."

"ಹಾಗಾದ್ರೆ ನೀನು ಹೇಳು."

'ಐ ಸ್ಟ್ಯಾಂಡ್ ಆನ್ ಮೈ ಓನ್ ಟೂ ಫೀಟ್' ಹೇಳಿ ಅರ್ಥ ಬಿಡಿಸಿದೆ. "ಎರಡು ಅಂತ ಲೆಕ್ಕ ಯಾಕೆ ಕೊಡ್ಬೇಕು? ಮೂರು ಅಂತ ಯಾರಿಗಾದ್ರೂ ಅನುಮಾನ ಇರುತ್ತಾ?" 'ಐ ಪೇ ಮೈ ಓನ್ ವೇ' ಹೇಳಿದೆ. "ದಾರಿಗೆ ದುಡ್ಡು ಕೊಡೋದಾ? ಇದು ಟೋಲ್ ಗೇಟಲ್ಲಿ ಹೇಳೋದು ಕಣೋ." 'ಐ ಅರ್ನ್ ಮೈ ಓನ್ ಲಿವಿಂಗ್' ಎಂದರೆ ನಾಲಿಗೆ ತಿರುಗಲಿಲ್ಲ.

"ಐ ಸಪೋರ್ಟ್ ಮೈಸೆಲ್ಫ್" ಅಂದೆ ಕೊನೆಗೆ. "ಸಾಮಾನ್ಯವಾಗಿ ಜನ ಹೀಗೇ ಹೇಳೋದು."

"ಸಪೋರ್ಟು ಗೊತ್ತು. ಎಲೆಕ್ಷನ್ನಿನಲ್ಲಿ ಕೇಳಿದೀನಿ. ನಾನೇ ನನ್ನ ಪಾರ್ಟಿ ಅಂತಾನಾ?"

"ಹೆಚ್ಚುಕಮ್ಮಿ ಹಾಗೇ."

ಅಮ್ಮ ಅದನ್ನು ಹೊಸ ಚಪ್ಪಲಿ ಹಾಕಿ ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆದು ನೋಡುವವರಂತೆ ನಿಧಾನವಾಗಿ ಹೇಳಿ ನೋಡಿದಳು. "ಇದು ಕಚ್ಚಲ್ಲ. ಇದೇ ಇರ್ಲಿ."

"ಈಗಾದ್ರೂ ಹೇಳು, ಯಾರಿಗೆ ಹೇಳ್ಬೇಕು ಇದನ್ನ?"

"ಊಟ ಮಾಡು, ತಣ್ಣಗಾಗುತ್ತೆ."

ಚಾಕು ಮಸೆದು ಹಿಡಿಯ ಕಡೆ ತಿರುಗಿಸಿ ಕೈಗೆ ಕೊಟ್ಟವನು ನಾನೇ. ಯಾರಿಗೆ ಅಂತ ಮಾತ್ರ ಗೊತ್ತಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಗಾರ್ಡನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದೆ. "ನಮ್ಮಮ್ಮ ನಿಮ್ಮ ಹತ್ತಿರ ಏನಾದ್ರೂ ಹೇಳಿದ್ರಾ?" ಅಂತ ಕೇಳಿದರೆ, "ಹೇಳಬೇಡಿ ಅಂತ ಹೇಳಿದಾರೆ" ಅಂದರು. ಪ್ರಾಮಾಣಿಕ ಮನುಷ್ಯ. ಇಂಥವರೇ ಅಪಾಯ.

ಶರ್ಟಿಗೆ ಇಸ್ತ್ರಿ ಹಾಕುತ್ತ ಯೋಚಿಸಿದೆ. ಒಂದೋ, ಇಂಗ್ಲಿಷ್ ಮಾತಾಡುವ ಯಾರೋ ಮುದುಕಿಯರನ್ನು ಗುಡ್ಡೆ ಹಾಕಿಕೊಂಡು ಮೋಸ ಮಾಡುತ್ತಿದ್ದಾರೆ. ಅಥವಾ ಅಮ್ಮ ನನ್ನನ್ನು ಬಿಟ್ಟು ಹೋಗುತ್ತಾಳೆ. ಎರಡನೆಯದನ್ನು ಯೋಚಿಸುತ್ತ ಕಾಲರು ಸುಟ್ಟುಕೊಂಡೆ.

ಸೋಮವಾರ ಅರ್ಧ ದಿನ ರಜೆ ಹಾಕುತ್ತೇನೆ.

ಸೆಪ್ಟೆಂಬರ್ 15, ಸೋಮವಾರ

ಹಿಂಬಾಲಿಸಿದೆ.

ಅಮ್ಮ ಬಸ್ಸಿನಲ್ಲಿ ಮುಂದೆ ಕೂತಳು, ನಾನು ಹಿಂದಿನ ಸೀಟಿನಲ್ಲಿ ಪೇಪರು ಬಿಡಿಸಿಕೊಂಡು ಕೂತೆ. ದೊಡ್ಡಾಸ್ಪತ್ರೆಯ ಸ್ಟಾಪಿನಲ್ಲಿ ಇಳಿದಳು. ಕಾಯಿಲೆಯೇ ಇರಬೇಕು ಅಂದುಕೊಂಡೆ. ಆದರೆ ಆಸ್ಪತ್ರೆಯ ಗೇಟು ದಾಟಿ ಹಿಂದಿನ ಓಣಿಗೆ ತಿರುಗಿದಳು. ಗಾಜು ಕತ್ತರಿಸುವ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸು, ಅದರ ಪಕ್ಕದ ಮೆಟ್ಟಿಲು. ಹತ್ತಿದಳು. ನಾನು ಎದುರು ಫುಟ್‌ಪಾತಿನಿಂದ ತಲೆಯೆತ್ತಿ ನೋಡಿದೆ.

ಕಿಟಕಿಯಲ್ಲಿ ತಲೆಗಳು. ಸಾಲಾಗಿ. ಕಣ್ಣಿಲ್ಲ, ಮೂಗಿಲ್ಲ, ಕೆಲವಕ್ಕೆ ಕೂದಲಿದೆ, ಕೆಲವು ನನ್ನಂತೆ.

ಎಣಿಸತೊಡಗಿದೆ. ಅಷ್ಟರಲ್ಲಿ ಕಿಟಕಿಯಲ್ಲಿ ಅಮ್ಮನ ತಲೆಯೂ ಬಂತು, ಕಣ್ಣು ಮೂಗು ಸಮೇತ.

"ಮೇಲೆ ಬಾ. ಬಿಸಿಲಲ್ಲಿ ನಿಂತ್ಕೋಬೇಡ."

"ಹೇಗೆ ಗೊತ್ತಾಯ್ತು?" ಅಂದೆ ಮೆಟ್ಟಿಲು ಹತ್ತಿ.

"ಬಸ್ಸಲ್ಲಿ ಪೇಪರಿನ ಮೇಲೆ ನಿನ್ನ ಬೋಳುತಲೆ ಹೊಳೀತಿತ್ತು. ತೊಟ್ಟಿಲಿಂದ ನೋಡಿದ ತಲೆ, ಮರೀತೀನಾ?"

ಅದು ವಿಗ್ ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಉದ್ದ ಮೇಜು, ಕತ್ತು ಬಗ್ಗಿಸಿದ ದೀಪಗಳು, ಸುತ್ತ ಕೂತ ಏಳೆಂಟು ಹೆಂಗಸರು. ಪ್ರತಿಯೊಬ್ಬರ ಮುಂದೂ ಒಂದು ಮರದ ತಲೆ, ಅದರ ಮೇಲೆ ಜೇಡರ ಬಲೆಯಂಥ ನೆಟ್ಟು. ಸೂಜಿಯಷ್ಟು ಸಣ್ಣ ಕೊಕ್ಕೆಯಿಂದ ಒಂದು ಕೂದಲು ಎಳೆದು ಒಂದು ಗಂಟು, ಇನ್ನೊಂದು ಕೂದಲು, ಇನ್ನೊಂದು ಗಂಟು. ಆಸ್ಪತ್ರೆಯ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡವರಿಗೆ. ಗಾರ್ಡಿನ ಹೆಂಡತಿಗೂ ಇಲ್ಲಿಂದಲೇ ತಂದಿದ್ದಂತೆ. ಆಕೆಯ ಜೊತೆಗೆ ಬಂದ ಅಮ್ಮ ಸುಮ್ಮನೆ ಕೂರಲಾರದೆ ಕೊಕ್ಕೆ ಇಸಕೊಂಡು ಗಂಟು ಹಾಕಿ ನೋಡಿದ್ದಳಂತೆ. ಈಗ ವಿಗ್ಗಿನಲ್ಲಿ ಕೂದಲು ಶುರುವಾಗುವ ಹಣೆಯ ಅಂಚು ಅಮ್ಮನದೇ ಕೆಲಸ, ಮೇ ತಿಂಗಳಿಂದ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ 'ಯಾಕಮ್ಮಾ, ನಾನಿಲ್ವಾ' ಅಂತಿದ್ದೆ."

"ಅಂತಿರ್ಲಿಲ್ಲ."

ಅಮ್ಮ ಕೊಕ್ಕೆಯಿಂದ ಇನ್ನೊಂದು ಕೂದಲು ಎಳೆದಳು.

"ಅಲ್ಲ, ಆದ್ರೂ... ಯಾಕಮ್ಮಾ, ನಾನಿಲ್ವಾ?"

ಮೇಜಿನ ಸುತ್ತ ಎಲ್ಲರೂ ನಕ್ಕರು. ಅಷ್ಟರಲ್ಲಿ ಒಡತಿ ಬಂದರು. ಎಲ್ಲರೂ ಬರೀ 'ಮೇಡಂ' ಅನ್ನುತ್ತಾರೆ. ಹೊರಗಿನವರು, ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲ. ನಾನು ಮಗ ಎಂದು ತಿಳಿದು, "ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದರು. ಅಮ್ಮ ಬಾಯಿ ತೆರೆದಳು. ನಾನು ಉತ್ತರ ಕೊಟ್ಟೆ. ಒಳ್ಳೆಯ ಇಂಗ್ಲಿಷಿನಲ್ಲೇ ಕೊಟ್ಟೆ: ಸಂಪೂರ್ಣ ಜವಾಬ್ದಾರಿ ನನ್ನದು, ಇವರಿಗೆ ದುಡಿಯುವ ಅಗತ್ಯವೇ ಇಲ್ಲ, ಇದೆಲ್ಲ ಹೊತ್ತು ಕಳೆಯಲು, ಯಾವಾಗ ಬೇಕಾದರೂ ಮನೆಗೆ ಕರೆದುಕೊಂಡು ಹೋಗುತ್ತೇನೆ, ತಾವು ಚಿಂತೆ ಮಾಡಬೇಡಿ.

ಮೇಡಂ "ಓ, ಐ ಸೀ" ಅಂದರು. ಬಾಗಿಲು ಮೆತ್ತಗೆ ಮುಚ್ಚಿಕೊಂಡ ಹಾಗಿತ್ತು ಆ 'ಸೀ'.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಪಕ್ಕದಲ್ಲಿ ಜಾಗ ಇತ್ತು, ಚೀಲ ಇಟ್ಟಳು.

ಸೆಪ್ಟೆಂಬರ್ 16, ಮಂಗಳವಾರ

ಅಮ್ಮ ಮಾತು ಬಿಟ್ಟಿದ್ದಾಳೆ. ನಾನು ಮಾಡಿದ ತಪ್ಪಾದರೂ ಏನು? ಮರ್ಯಾದೆಯಿಂದ ಮಾತಾಡಿದೆ.

ಆಲೂಗಡ್ಡೆ ಬೇಯಿಸಿ ಕೊಟ್ಟೆ. ತಿಂದಳು, ಉಪ್ಪು ಹೆಚ್ಚು ಅಂತಲೂ ಹೇಳಲಿಲ್ಲ. ಹೆಚ್ಚೇ ಇತ್ತು.

ಸೆಪ್ಟೆಂಬರ್ 17, ಬುಧವಾರ

ಅಕ್ಕ ಫೋನ್ ಮಾಡಿದಳು. ನಾನು ಮಾಡುವ ಮೊದಲೇ ಮಾಡಿದಳು ಎಂದರೆ ವಿಷಯ ದೊಡ್ಡದು.

"ಏನೋ ಮಾಡಿಟ್ಟೆ ನೀನು? ಆ ರೂಮು ಹೋಯ್ತಲ್ಲೋ!"

"ಯಾವ ರೂಮು?"

ಕಾರ್ಖಾನೆಯ ಮೇಲೆ ಒಂದು ಕೋಣೆ ಇದೆ, ಒಲೆ, ನಲ್ಲಿ, ಎರಡು ಕಿಟಕಿ. ಕೆಲಸದವರಲ್ಲಿ ಒಬ್ಬರಿಗೆ ಮೇಡಂ ಬಾಡಿಗೆಗೆ ಕೊಡುತ್ತಾರೆ. ಅಮ್ಮ ಕೇಳಿಕೊಂಡಿದ್ದಾಳೆ. ಮೇಡಂ ಯಾಕೆ ಅಷ್ಟು ವಿಚಾರಿಸುತ್ತಾರೆ ಎಂದರೆ, ಒಂದು ವಿಗ್ಗಿನ ಹಣೆಯ ಅಂಚನ್ನು ಶುರು ಮಾಡಿದ ಕೈಯೇ ಮುಗಿಸಬೇಕು. ಒಬ್ಬೊಬ್ಬರ ಗಂಟಿನ ಬಿಗಿ ಒಂದೊಂದು ಥರ. ಕೈ ಬದಲಾದರೆ ಅಂಚು ಎದ್ದು ಕಾಣುತ್ತದೆ, ಬಿಚ್ಚಿ ಮೊದಲಿಂದ ಕಟ್ಟಬೇಕು. ಹಿಂದೆ ಆ ಕೋಣೆಯಲ್ಲಿದ್ದ ಇಬ್ಬರನ್ನೂ ಮಕ್ಕಳು 'ಸಾಕು ನಡಿ' ಎಂದು ಅರ್ಧದಲ್ಲೇ ಕರೆದುಕೊಂಡು ಹೋದರಂತೆ. ಅತ್ತ ಆಸ್ಪತ್ರೆಯಲ್ಲಿ ಒಬ್ಬಳು ಮಗಳ ಮದುವೆಗೆ ವಿಗ್ ಬರಲಿ ಎಂದು ಕಾಯುತ್ತಿದ್ದಳಂತೆ. ಅದಕ್ಕೇ ಮೇಡಂ ಈಗ ಸ್ವಂತ ದುಡಿಮೆಯಿಂದಲೇ ಬದುಕುವವರಿಗೆ ಮಾತ್ರ ಕೋಣೆ ಕೊಡುವುದು, ಅದನ್ನೂ ಅವರ ಬಾಯಿಂದಲೇ ಕೇಳಿ.

"ಅಮ್ಮ ಹೇಳಬೇಕು ಅಂತ ಕಲಿತುಕೊಂಡಿದ್ದ ಮಾತಿಗೆ ನೀನು ಸರಿಯಾಗಿ ಉಲ್ಟಾ ಹೇಳಿ ಬಂದಿದೀಯ" ಅಂದಳು ಅಕ್ಕ. "ಅದೂ ಗ್ರಾಮರ್ ತಪ್ಪಿಲ್ಲದೆ."

ಅಕ್ಕನಿಗೆ ಮೊದಲಿಂದ ಗೊತ್ತಿತ್ತು. ಗಾರ್ಡಿಗೂ ಗೊತ್ತಿತ್ತು. ಪಿತೂರಿ ಇದ್ದದ್ದು ನಿಜ, ನನ್ನ ಅನುಮಾನ ಸುಳ್ಳಲ್ಲ. ಗೆದ್ದೆ. ಗೆದ್ದು ಏನು ಮಾಡಲಿ?

ಸೆಪ್ಟೆಂಬರ್ 18, ಗುರುವಾರ

"ಅಮ್ಮಾ, ಇಲ್ಲಿ ಏನು ಕಮ್ಮಿಯಾಗಿದೆ ನಿನಗೆ?"

"ಏನೂ ಇಲ್ಲ."

"ನಾನೇನಾದ್ರೂ ಅಂದೆನಾ?"

"ನಿನ್ನ ಮೇಲೆ ಕೋಪಕ್ಕೆ ಹೋಗೋದಾಗಿದ್ರೆ ನಿನ್ನ ಹತ್ತಿರಾನೇ ವಾಕ್ಯ ಕೇಳ್ತಿದ್ನಾ, ಪೆದ್ದು?" ಬಟ್ಟೆ ಮಡಚುತ್ತಿದ್ದಳು, ಅರ್ಧ ನಾನು ಮಡಚಿದೆ. "ಬೆಳಗ್ಗೆ ಎದ್ದು ಏನೂ ಮಾಡ್ದೆ ಕಿಟಕಿ ಹತ್ರ ಕೂತ್ರೆ 'ಯಾಕೆ, ಹುಷಾರಿಲ್ವಾ' ಅಂತ ಯಾರೂ ಕೇಳ್ಬಾರದು. ಅಂಥ ಒಂದು ರೂಮು. ಅಪ್ಪನ ಮನೇಲೂ ಕೇಳಿದ್ರು, ಅತ್ತೆ ಮನೇಲೂ ಕೇಳಿದ್ರು."

"ನಾನು ಕೇಳಲ್ಲ."

"ಹೋದ ಭಾನುವಾರ ಎರಡು ಸಲ ಕೇಳಿದೆ."

ಅದು ಅನುಮಾನದಿಂದ ಕೇಳಿದ್ದು, ಅಕ್ಕರೆಯಿಂದಲ್ಲ ಎಂದು ಹೇಳಬೇಕೆಂದಿದ್ದೆ. ಅದರ ಬದಲು ಇನ್ನೊಂದು ಟವೆಲು ಮಡಚಿದೆ.

ಸೆಪ್ಟೆಂಬರ್ 19, ಶುಕ್ರವಾರ

ಅಮ್ಮನಿಗೆ ತಿಳಿಸದೆ ಮೇಡಂ ಹತ್ತಿರ ಹೋದೆ. ತಪ್ಪು ಸರಿಪಡಿಸಲು ಹದಿನೈದು ವಾಕ್ಯ ತಯಾರು ಮಾಡಿಕೊಂಡಿದ್ದೆ. ಏಳನೆಯದರಲ್ಲಿ ಮೇಡಂ ಕೈ ಎತ್ತಿದರು.

"ಮತ್ತೆ ನೀವೇ ಮಾತಾಡುತ್ತಿದ್ದೀರಿ" ಅಂದರು.

ಏಳನೆಯದು ಅರ್ಧಕ್ಕೇ ನಿಂತಿತು. ಮೇಜಿನ ಮೇಲಿನ ಮರದ ತಲೆ ನನ್ನನ್ನೇ ನೋಡುತ್ತಿತ್ತು, ಕಣ್ಣಿಲ್ಲದಿದ್ದರೂ.

"ಸೋಮವಾರ ಅವರು ಬರಲಿ. ಬೇಕಾದರೆ ನೀವೂ ಬನ್ನಿ. ಆದರೆ ಬಾಯಿ ತೆರೆಯಬಾರದು. ನೀವು ಸುಮ್ಮನಿರಬಲ್ಲಿರಾ ಎಂಬುದನ್ನೂ ನಾನು ನೋಡಬೇಕು."

ಇಬ್ಬರಿಗೂ ಒಟ್ಟಿಗೆ ಪರೀಕ್ಷೆ ಇಟ್ಟಿದ್ದಾಳೆ ಮಹಾತಾಯಿ.

ಹಾಗೂ ಒಂದು ಸತ್ಯ ಇಲ್ಲಿ ಬರೆದುಕೊಳ್ಳಬೇಕು, ಬೇರೆ ಯಾರೂ ಓದುವುದಿಲ್ಲವಲ್ಲ. ಸೋಮವಾರ ನಾನು ಒಂದು ಮಾತಾಡಿಬಿಟ್ಟರೆ ಅಮ್ಮ ಇಲ್ಲೇ ಉಳಿಯುತ್ತಾಳೆ. ಬರೀ ಒಂದು ಮಾತು. ಸಹಾಯ ಮಾಡುವ ಧಾಟಿಯಲ್ಲೇ.

ಸೆಪ್ಟೆಂಬರ್ 22, ಸೋಮವಾರ

ಮೇಡಂ ಕೋಣೆಯಲ್ಲಿ ಮೂರು ಕುರ್ಚಿ. ಅಮ್ಮ ನಡುವೆ ಕೂತಳು, ಹೊಸ ಸ್ವೆಟರು ಹಾಕಿಕೊಂಡು.

"ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?" ಮೇಡಂ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು.

ಅಮ್ಮ "ಐ" ಅಂದಳು. ಅಲ್ಲಿಗೆ ನಿಂತಿತು.

ಮರೆತುಹೋಯಿತು. ಎರಡು ವಾರ ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನಲ್ಲಿ ಹೇಳಿಕೊಂಡದ್ದು ಮರೆತುಹೋಯಿತು. ನನ್ನ ಕಡೆ ತಿರುಗಿದಳು. ಆ ಕಣ್ಣು ನನಗೆ ಗೊತ್ತು; ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಎಲ್ಲ ಕಡೆ ತಿರುಗುತ್ತದೆ, ನಾನು ಮಾತು ಎತ್ತಿಕೊಳ್ಳುತ್ತೇನೆ. ವಾಕ್ಯ ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ನಾಲಿಗೆ ಕಚ್ಚಿ ಹಿಡಿದುಕೊಂಡೆ. ನೆಲ ನೋಡಿದೆ. ಕೆಳಗಿನ ಪ್ರೆಸ್ಸಿನ ಸದ್ದು ಕುರ್ಚಿಯ ಕಾಲಿನಿಂದ ಹತ್ತಿ ಬರುತ್ತಿತ್ತು.

ನಾನು ನೋಡುತ್ತಿಲ್ಲ ಎಂದು ಅಮ್ಮನಿಗೆ ಖಚಿತವಾಗಿರಬೇಕು. ಮೂಗಿನಿಂದ ಜೋರಾಗಿ ಉಸಿರು ಬಿಟ್ಟಳು, ನನ್ನ ಮೇಲೆ ರೇಗಿದಾಗ ಬಿಡುವ ಹಾಗೆ.

"ಐ ಸಪೋರ್ಟ್ ಮೈಸೆಲ್ಫ್" ಅಂದಳು. ಆಮೇಲೆ ನನ್ನ ಕಡೆ ಬೊಟ್ಟು ಮಾಡಿ, "ಹಿಮ್ ಆಲ್ಸೋ. ಲಿಟಲ್."

ಮೇಡಂ ನಕ್ಕರು. ಕುರ್ಚಿ ಹಿಂದಕ್ಕೆ ವಾಲುವಷ್ಟು ನಕ್ಕರು. ಎರಡನೇ ವಾಕ್ಯ ನಾನು ಹೇಳಿಕೊಟ್ಟದ್ದಲ್ಲ. ಅದರಲ್ಲಿ ಕ್ರಿಯಾಪದವಿಲ್ಲ. ಅದರಷ್ಟು ಸಹಜವಾದ ಇಂಗ್ಲಿಷನ್ನು ನಾನು ಸ್ಟಾಫ್ ರೂಮಿನಲ್ಲಿ ಕೇಳಿಲ್ಲ.

ಮೇಡಂ ಡ್ರಾಯರಿನಿಂದ ಬೀಗದ ಕೈ ತೆಗೆದು ಅಮ್ಮನ ಕಡೆ ಸರಿಸಿದರು. ಅಮ್ಮ ತಕ್ಷಣ ತೆಗೆದುಕೊಳ್ಳಲಿಲ್ಲ. "ಫಿನಿಷ್" ಅಂದಳು, ಎರಡೂ ಕೈಯಲ್ಲಿ ಒಂದು ತಲೆಯ ಆಕಾರ ಮಾಡಿ ತೋರಿಸಿ. "ಫುಲ್ ಫಿನಿಷ್. ನೋ ಗೋಯಿಂಗ್." ಆಮೇಲೆ ತೆಗೆದುಕೊಂಡಳು.

ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಾನು ಲಿಟಲ್ಲಾ?" ಅಂದೆ.

"ಮಚ್ ಅಂತ ಬಾಯಿಗೆ ಬಂದಿತ್ತು. ಹೊರಗಿನವರ ಮುಂದೆ ಅಂತ ಬಿಟ್ಟೆ."

ಅಕ್ಟೋಬರ್ 1, ಬುಧವಾರ

ಸಾಗಿಸಿದ್ದಾಯಿತು. ಒಂದು ಮಂಚ, ಎರಡು ಪೆಟ್ಟಿಗೆ, ಒಂದು ಕುರ್ಚಿ. ಗಾರ್ಡು ಮೆಟ್ಟಿಲ ಕೆಳಗೆ ನಿಂತು ಟೆಂಪೋಗೆ ಕೈ ತೋರಿಸಿದರು, ಹಸಿರು ಬಾವುಟವೊಂದು ಇಲ್ಲ ಅಷ್ಟೇ. ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿಕೊಟ್ಟೆ. ಬೇರೆ ಏನೂ ಕೇಳಲಿಲ್ಲ.

ಅಕ್ಟೋಬರ್ 4, ಶನಿವಾರ

ಅನ್ನ ಅಂಟಾಯಿತು. ಪರವಾಗಿಲ್ಲ.

ಮನೆ ದೊಡ್ಡದಾಗಿದೆ. ಯಾರಾದರೂ ಗೋಡೆ ಸರಿಸಿದ್ದಾರೇನೋ ಎಂದು ಅನುಮಾನ.

ಅಕ್ಟೋಬರ್ 12, ಭಾನುವಾರ

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಯಾರು ಎಂದು ಸಂಶಯದಿಂದಲೇ ತೆರೆದೆ. ಅಮ್ಮ.

"ಕೀ ಇಲ್ವಾ ನಿನ್ನ ಹತ್ರ?"

"ಇದೆ. ಇದು ನಿನ್ನ ಮನೆ ಅಲ್ವಾ? ತಟ್ಟಿ ಬರಬೇಕು." ಹೊಸ್ತಿಲ ಆಚೆಯೇ ನಿಂತಿದ್ದಳು. ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ಹೊಳೆಯಲು ನನಗೆ ಹೊತ್ತು ಹಿಡಿಯಿತು. ನಲವತ್ತೆರಡು ವರ್ಷದಲ್ಲಿ ಅಮ್ಮನಿಗೆ ಈ ಮಾತು ಹೇಳುವ ಪ್ರಮೇಯವೇ ಬಂದಿರಲಿಲ್ಲ.

"ಬಾ ಅಮ್ಮ, ಒಳಗೆ ಬಾ."

ಅತಿಥಿಯ ಹಾಗೆ ಸೋಫಾದ ಅಂಚಿನಲ್ಲಿ ಕೂತಳು. ನಾನು ಚಹಾ ಮಾಡಲು ಹೋದೆ. ಸಿಂಕಿನ ತುಂಬ ನಿನ್ನೆಯ ಪಾತ್ರೆ, ಒಲೆಯ ಮೇಲೆ ಹಾಲು ಉಕ್ಕಿ ಒಣಗಿದ ಕಲೆ, ಮೂಲೆಯಲ್ಲಿ ಒಗೆಯದ ಬಟ್ಟೆ. ಸೋಫಾದಿಂದ ಎಲ್ಲ ಕಾಣುತ್ತದೆ. ನೀರು ಕಾಯುವವರೆಗೆ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಅಮ್ಮ ಒಮ್ಮೆ ಏಳಲು ಹೋದಳು, ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಸೋಫಾದ ಕೈ ಹಿಡಿದು ಅರ್ಧ ಎದ್ದಳು, ಮತ್ತೆ ಕೂತಳು. ಕೊನೆಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂತು, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಚಹಾ ಕೊಟ್ಟಾಗ ಮಾತ್ರ ಕೈ ಹೊರಗೆ ಬಂತು.